ಕಣ್ಣಿಗೆ ಐದು, ಕಿವಿಗೆ ಮೂರು: ಫ್ರೆಂಚ್ ಕ್ರಿಯಾಪದಗಳ ಉಚ್ಚಾರಾಂಶ ಮತ್ತು ಉಚ್ಚಾರಣೆ

ಹಲಗೆಯ ಮೇಲಿರುವ ಆರು ಸಾಲುಗಳನ್ನು ಮೊದಲು ನೋಡಿ. ‘ಮಾತನಾಡು’ ಎಂಬ ಅರ್ಥದ ‘ಪಾರ್ಲೇ’ ಧಾತುವಿನ ವರ್ತಮಾನ ಕಾಲದ ರೂಪಗಳಿವು: ನಾನು, ನೀನು, ಅವನು, ನಾವು, ನೀವು, ಅವರು. ಒಂದನೆಯದೂ ಮೂರನೆಯದೂ ‘ಇ’ ಅಕ್ಷರದಲ್ಲಿ ಮುಗಿಯುತ್ತವೆ. ಎರಡನೆಯದಕ್ಕೆ ‘ಇ’ಯ ಮುಂದೆ ‘ಎಸ್’ ಇದೆ. ನಾಲ್ಕನೆಯದು ‘ಓ-ಎನ್-ಎಸ್’, ಐದನೆಯದು ‘ಇ-ಜ಼ೆಡ್’, ಆರನೆಯದು ‘ಇ-ಎನ್-ಟಿ’. ಅಂದರೆ ಆರು ಪುರುಷಗಳಿಗೆ ಬರಹದಲ್ಲಿ ಐದು ಬೇರೆ ಬೇರೆ ರೂಪಗಳಿವೆ. ಈಗ ಕಣ್ಣು ಮುಚ್ಚಿ ಕೇಳಿ: ಜ ಪಾರ್ಲ್, ತ್ಯು ಪಾರ್ಲ್, ಈಲ್ ಪಾರ್ಲ್, ನೂ ಪಾರ್ಲೋಂ, ವೂ ಪಾರ್ಲೇ, ಈಲ್ ಪಾರ್ಲ್. ಕಿವಿಗೆ ಬಿದ್ದದ್ದು ಮೂರೇ ರೂಪ. ನಿತ್ಯದ ಮಾತಿನಲ್ಲಿ ಫ್ರೆಂಚರು ‘ನೂ’ ಎಂಬುದರ ಬದಲು ‘ಓಂ’ ಎಂಬ ಸರ್ವನಾಮವನ್ನೇ ಹೆಚ್ಚಾಗಿ ಬಳಸುವುದರಿಂದ, ಮತ್ತು ಅದರ ಜೊತೆಗೂ ‘ಪಾರ್ಲ್’ ಎಂದೇ ಬರುವುದರಿಂದ, ಎಷ್ಟೋ ಸಂಭಾಷಣೆಗಳಲ್ಲಿ ಎರಡೇ ರೂಪಗಳು ಕೇಳಿಸುತ್ತವೆ. ಐದು ಹೇಗೆ ಮೂರಾಯಿತು, ಆ ಮೂರು ಎಲ್ಲಿ ಕತ್ತರಿಸಿಕೊಳ್ಳುತ್ತವೆ ಎಂಬುದಷ್ಟೇ ಇವತ್ತಿನ ಮಾತಿನ ವಿಷಯ.

ಮುಂದೆ ಹೋಗುವ ಮೊದಲು ನಾನು ಫ್ರೆಂಚ್ ಪದಗಳನ್ನು ಕನ್ನಡ ಲಿಪಿಯಲ್ಲಿ ಹಲಗೆಯ ಮೇಲೆ ಬರೆಯುವ ಪದ್ಧತಿಯನ್ನು ಹೇಳಿಬಿಡುತ್ತೇನೆ. ‘ಆ’ ಎಂದು ಬರೆದರೆ ತೆರೆದ ಬಾಯಿಯ ಸ್ವರ. ‘ಅ’ ಎಂದು ಬರೆದರೆ ‘ಜ’, ‘ಲ’ ಮೊದಲಾದ ಪುಟ್ಟ ಪದಗಳಲ್ಲಿ ಬರುವ, ಬೇಕಾದಾಗ ಬಂದು ಬೇಡವಾದಾಗ ಮಾಯವಾಗುವ ಸ್ವರ. ಫ್ರೆಂಚರು ಅದನ್ನು ಮೂಕ ‘ಇ’ ಎನ್ನುತ್ತಾರೆ. ‘ಏ’ ಎಂದರೆ ಬಾಯಿ ಕಿರಿದಾಗಿಸಿ ಹೇಳುವ ಸ್ವರ, ‘ಎ’ ಎಂದರೆ ಬಾಯಿ ಅಗಲಿಸಿ ಹೇಳುವ ಸ್ವರ. ನಮ್ಮಲ್ಲಿರುವ ಹಾಗೆ ಹ್ರಸ್ವ ದೀರ್ಘಗಳ ವ್ಯತ್ಯಾಸ ಇದಲ್ಲ. ಅನುಸ್ವಾರ ಹಾಕಿದರೆ ಸ್ವರ ಮೂಗಿನಿಂದ ಬರಬೇಕು. ತುಟಿ ಮುಚ್ಚಿ ‘ಮ್’ ಎನ್ನಬಾರದು. ನುಕ್ತೆಯಿರುವ ‘ಜ಼’ ಹಿಂದಿಯ ‘ಜ಼ಮೀನ್’ ಪದದ ಮೊದಲ ಧ್ವನಿ. ಒಂದು ಸಣ್ಣ ಸಮಾಧಾನವೂ ಇದೆ: ಫ್ರೆಂಚಿನ ‘ಟಿ’ ಮತ್ತು ‘ಡಿ’ ಹಲ್ಲಿನ ಬಳಿ ಹುಟ್ಟುವವು, ಅಂದರೆ ನಮ್ಮ ‘ತ’ ಮತ್ತು ‘ದ’. ಇಂಗ್ಲಿಷಿನ ದಾರಿಯಲ್ಲಿ ಫ್ರೆಂಚಿಗೆ ಹೋದವರು ‘ಟ’, ‘ಡ’ ಎಂದು ಹೇಳಿ ತೊಂದರೆಪಡುತ್ತಾರೆ. ಕನ್ನಡದ ಬಾಗಿಲಿನಿಂದ ನೇರವಾಗಿ ಹೋದವರಿಗೆ ಆ ತೊಂದರೆಯಿಲ್ಲ.

ಈಗ ಉಚ್ಚಾರಾಂಶ, ಅಂದರೆ ಸಿಲಬಲ್. ಒಂದು ಸ್ವರ ಮತ್ತು ಅದಕ್ಕೆ ಹಿಂದೆ ಮುಂದೆ ಅಂಟಿಕೊಂಡ ವ್ಯಂಜನಗಳು ಸೇರಿದರೆ ಒಂದು ಉಚ್ಚಾರಾಂಶ. ಸ್ವರಗಳನ್ನು ಎಣಿಸುವುದು ಸುಲಭ. ಎರಡು ಸ್ವರಗಳ ನಡುವೆ ಸಿಕ್ಕಿದ ವ್ಯಂಜನ ಯಾರ ಪಾಲಿಗೆ ಎಂಬುದೇ ಕಷ್ಟದ ಪ್ರಶ್ನೆ. ಛಂದಸ್ಸು ಓದಿದ ನಿಮಗೆ ಇದು ಹೊಸದಲ್ಲ. ‘ಕನ್ನಡ’ ಎಂಬ ಪದವನ್ನು ನಾವು ‘ಕ, ನ್ನ, ಡ’ ಎಂದು ಬರೆಯುತ್ತೇವೆ, ಆದರೆ ಪ್ರಸ್ತಾರ ಹಾಕುವಾಗ ಮೊದಲ ಅಕ್ಷರ ಗುರುವಾಗುತ್ತದೆ, ಏಕೆಂದರೆ ನಾಲಗೆ ಹೇಳುವುದು ‘ಕನ್-ನ-ಡ’ ಎಂದು. ‘ಪುತ್ರ’ದಲ್ಲಿಯೂ ಹಾಗೆಯೇ: ಬರಹದಲ್ಲಿ ‘ಪು, ತ್ರ’, ಎಣಿಕೆಯಲ್ಲಿ ‘ಪುತ್-ರ’. ಒತ್ತಕ್ಷರದ ಮೊದಲ ವ್ಯಂಜನ ಹಿಂದಿನ ಸ್ವರಕ್ಕೆ ಆತುಕೊಂಡು ಅದನ್ನು ಭಾರವಾಗಿಸುತ್ತದೆ. ಫ್ರೆಂಚಿನ ಸ್ವಭಾವ ಇದಕ್ಕೆ ಬಹುಮಟ್ಟಿಗೆ ವಿರುದ್ಧ. ಅದಕ್ಕೆ ಸ್ವರದಲ್ಲಿ ಮುಗಿಯುವ, ಬಾಗಿಲು ತೆರೆದಿಟ್ಟ ಉಚ್ಚಾರಾಂಶಗಳೆಂದರೆ ಇಷ್ಟ. ವ್ಯಂಜನವನ್ನು ಸಾಧ್ಯವಾದಷ್ಟೂ ಮುಂದಿನ ಸ್ವರಕ್ಕೆ ತಳ್ಳುತ್ತದೆ. ‘ತೋರಿಸು’ ಎಂಬ ಅರ್ಥದ ‘ಮೋಂತ್ರೇ’ ಪದದ ವಿಭಜನೆ ‘ಮೋಂ-ತ್ರೇ’. ‘ತೆರೆಯುತ್ತೇವೆ’ ಎಂಬ ‘ಊವ್ರೋಂ’ ರೂಪದ ವಿಭಜನೆ ‘ಊ-ವ್ರೋಂ’. ವ್ಯಂಜನದ ನಂತರ ‘ರ’ ಅಥವಾ ‘ಲ’ ಬಂದರೆ ಆ ಜೋಡಿ ಬಿಡಿಸಲಾಗದ್ದು, ಪೂರ್ತಿಯಾಗಿ ಮುಂದಕ್ಕೆ ಹೋಗುತ್ತದೆ. ನಮ್ಮ ಕಿವಿ ಅಭ್ಯಾಸಬಲದಿಂದ ಅದನ್ನು ‘ಊವ್-ರೋಂ’ ಎಂದು ಕತ್ತರಿಸುತ್ತದೆ, ಮೊದಲ ಸ್ವರವನ್ನು ಅನಗತ್ಯವಾಗಿ ಭಾರ ಮಾಡುತ್ತದೆ. ಫ್ರೆಂಚ್ ಕೇಳುಗನಿಗೆ ಅಲ್ಲಿ ಒಂದು ತಡೆ ಕೇಳಿಸುತ್ತದೆ. ‘ಪಾರ್-ಲೋಂ’ ಪದದಲ್ಲಿ ಮಾತ್ರ ನಮ್ಮ ಕತ್ತರಿಯೂ ಅವರ ಕತ್ತರಿಯೂ ಒಂದೇ ಕಡೆ ಬೀಳುತ್ತವೆ, ಏಕೆಂದರೆ ‘ರ್ಲ’ ಎಂಬುದು ಅವರಿಗೂ ಒಡೆಯಬಲ್ಲ ಜೋಡಿ. ಅದನ್ನು ಬರೆಯುವಾಗ ನಮ್ಮ ಅರ್ಕಾವೊತ್ತು ‘ಲೋ’ ಅಕ್ಷರದ ನಂತರ ಹೋಗಿ ಕುಳಿತುಕೊಳ್ಳುತ್ತದೆ ಎಂಬುದು ಬೇರೆಯೇ ಕಥೆ. ಲಿಪಿಯನ್ನು ನಂಬಿ ಉಚ್ಚಾರಾಂಶ ಎಣಿಸಬಾರದು ಎನ್ನಲು ನಮ್ಮ ಮನೆಯಲ್ಲೇ ಸಾಕ್ಷಿಯಿದೆ.

ಫ್ರೆಂಚ್ ಲಿಪಿಯೂ ಇದೇ ರೀತಿ ದಾರಿ ತಪ್ಪಿಸುತ್ತದೆ. ಅಲ್ಲಿಯ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳಿಗೆ ಬರಹದ ಉಚ್ಚಾರಾಂಶ ಬೇರೆ, ಬಾಯಿಯ ಉಚ್ಚಾರಾಂಶ ಬೇರೆ ಎಂದು ಮೊದಲೇ ಹೇಳಿಕೊಡುತ್ತಾರೆ. ‘ಮುಗಿಸುತ್ತೇವೆ’ ಎಂಬ ‘ಫೀನೀಸೋಂ’ ರೂಪದಲ್ಲಿ ಎರಡು ‘ಎಸ್’ಗಳಿವೆ. ಪುಟದ ಕೊನೆಯಲ್ಲಿ ಜಾಗ ಸಾಲದೆ ಪದವನ್ನು ಮುರಿಯಬೇಕಾದಾಗ ಮುದ್ರಕರು ಆ ಎರಡು ‘ಎಸ್’ಗಳ ನಡುವೆ ಗೆರೆ ಹಾಕುತ್ತಾರೆ. ಬಾಯಲ್ಲಿ ಅಲ್ಲಿ ದ್ವಿತ್ವವೇ ಇಲ್ಲ. ‘ಫೀ-ನೀ-ಸೋಂ’, ಒಂದೇ ‘ಸ’, ಅದೂ ಮುಂದಿನ ಸ್ವರದ ಪಾಲು. ಎರಡು ‘ಎಸ್’ ಬರೆದಿರುವುದು ಧ್ವನಿ ‘ಜ಼’ ಆಗದಿರಲಿ ಎಂಬ ಕಾವಲಿಗೆ ಮಾತ್ರ. ಹಾಗೆಯೇ ‘ಅವರು ಮಾತನಾಡುತ್ತಾರೆ’ ಎಂಬ ರೂಪಕ್ಕೆ ಬರಹದಲ್ಲಿ ಎರಡು ತುಂಡುಗಳುಂಟು, ಬಾಯಲ್ಲಿ ಒಂದೇ.

ಇಷ್ಟಕ್ಕೂ ಆ ಕೊನೆಯ ‘ಇ-ಎನ್-ಟಿ’ ಏಕೆ ಮೌನ? ಕಲಿಯುವವರೆಲ್ಲರೂ ಮೊದಲು ಎಡವುವುದು ಇಲ್ಲಿಯೇ, ಏಕೆಂದರೆ ಅದೇ ಮೂರು ಅಕ್ಷರಗಳು ನಾಮಪದದ ಕೊನೆಯಲ್ಲಿ ‘ಆಂ’ ಎಂದು ಗಟ್ಟಿಯಾಗಿ ಕೇಳಿಸುತ್ತವೆ. ಫ್ರೆಂಚ್ ಮೇಷ್ಟ್ರುಗಳಿಗೆ ಪ್ರಿಯವಾದ ಒಂದು ವಾಕ್ಯವಿದೆ: ‘ಲೇ ಪೂಲ್ ದ್ಯು ಕೂವಾಂ ಕೂವ್’. ಸನ್ಯಾಸಿನಿಯರ ಮಠದ ಕೋಳಿಗಳು ಕಾವು ಕೂತಿವೆ ಎಂದು ಅರ್ಥ. ಕೊನೆಯ ಎರಡು ಪದಗಳ ಬರಹದಲ್ಲಿ ಒಂದಕ್ಷರದ ವ್ಯತ್ಯಾಸವೂ ಇಲ್ಲ. ಮಠ ಎಂಬ ನಾಮಪದಕ್ಕೆ ‘ಕೂ-ವಾಂ’ ಎಂದು ಎರಡು ಉಚ್ಚಾರಾಂಶ; ಕಾವು ಕೂರು ಎಂಬ ಕ್ರಿಯಾಪದಕ್ಕೆ ‘ಕೂವ್’ ಎಂದು ಒಂದೇ. ಅಧ್ಯಕ್ಷ ಎಂಬ ‘ಪ್ರೇಜ಼ೀದಾಂ’ ಮತ್ತು ಅಧ್ಯಕ್ಷತೆ ವಹಿಸುತ್ತಾರೆ ಎಂಬ ‘ಪ್ರೇಜ಼ೀದ್’ ಕೂಡ ಇಂಥ ಜೋಡಿಯೇ. ಪದವನ್ನು ಓದಬೇಕಾದರೆ ಅದು ಕ್ರಿಯಾಪದವೋ ಅಲ್ಲವೋ ಎಂದು ಮೊದಲು ತಿಳಿದಿರಬೇಕು. ಅಂದರೆ ವ್ಯಾಕರಣ ಮುಂದೆ, ಉಚ್ಚಾರಣೆ ಹಿಂದೆ. ಈ ‘ಇ-ಎನ್-ಟಿ’ ಲ್ಯಾಟಿನ್ನಿನ ಬಹುವಚನ ಪ್ರತ್ಯಯದಿಂದ ಇಳಿದು ಬಂದದ್ದು. ಹಳೆಯ ಫ್ರೆಂಚಿನಲ್ಲಿ ಅದು ಒತ್ತಿಲ್ಲದ, ಅಂದರೆ ಬಲ ಹಾಕಿ ಹೇಳದ, ಸಣ್ಣ ಸ್ವರವಾಗಿ, ಕೊನೆಯ ‘ತ್’ ಸಮೇತ ಕೇಳಿಸುತ್ತಿತ್ತು. ಒತ್ತು ಧಾತುವಿನ ಮೇಲಿದ್ದುದರಿಂದ ಬಾಲ ಮೊದಲು ಸವೆಯಿತು, ಆಮೇಲೆ ಉದುರಿತು. ಬರಹ ಮಾತ್ರ ಅದನ್ನು ಕಾಪಾಡಿಕೊಂಡಿತು. ನಾವು ಮತ್ತು ನೀವು ರೂಪಗಳ ‘ಓಂ’, ‘ಏ’ ಪ್ರತ್ಯಯಗಳ ಮೇಲೆ ಒತ್ತು ಬೀಳುತ್ತಿತ್ತು, ಹಾಗಾಗಿ ಅವು ಉಳಿದವು.

ಈ ಮಾತನ್ನು ದಯವಿಟ್ಟು ಗುರುತು ಹಾಕಿಕೊಳ್ಳಿ, ಏಕೆಂದರೆ ಮುಂದೆ ಹೇಳುವುದರಲ್ಲಿ ಬಹುಪಾಲು ಇದರ ಮೇಲೆಯೇ ನಿಂತಿದೆ. ಫ್ರೆಂಚ್ ಕ್ರಿಯಾಪದದ ಪ್ರತ್ಯಯಗಳನ್ನು ಪುರುಷ, ವಚನ, ಕಾಲಗಳ ಪ್ರಕಾರ ವಿಂಗಡಿಸುವ ಮೊದಲು ಅವಕ್ಕೆ ಸ್ವಂತ ಉಚ್ಚಾರಾಂಶ ಇದೆಯೋ ಇಲ್ಲವೋ ಎಂದು ಕೇಳಬೇಕು. ಸ್ವಂತ ಉಚ್ಚಾರಾಂಶವಿರುವ ಪ್ರತ್ಯಯ ಬಂದಾಗ ಧಾತುವಿನ ಕೊನೆಯ ವ್ಯಂಜನ ಅದರ ಕಡೆಗೆ ಜಾರುತ್ತದೆ, ಧಾತುವಿನ ಸ್ವರ ತೆರೆದುಕೊಂಡು ಹಗುರಾಗುತ್ತದೆ. ಸ್ವಂತ ಉಚ್ಚಾರಾಂಶವಿಲ್ಲದ ಪ್ರತ್ಯಯ ಬಂದಾಗ ಆ ವ್ಯಂಜನ ಎಲ್ಲಿಗೂ ಹೋಗಲಾರದೆ ಧಾತುವಿನ ಬಾಗಿಲು ಮುಚ್ಚುತ್ತದೆ, ಇಲ್ಲವೇ ತಾನೇ ಮಾಯವಾಗುತ್ತದೆ. ವ್ಯಾಕರಣ ಪುಸ್ತಕಗಳು ‘ಅನಿಯಮಿತ’ ಎಂದು ಪಟ್ಟಿ ಮಾಡಿ ಬಾಯಿಪಾಠಕ್ಕೆ ಬಿಡುವ ರೂಪಗಳಲ್ಲಿ ಬಹಳಷ್ಟು ಈ ಒಂದು ಪ್ರಶ್ನೆಗೆ ಉತ್ತರ ಕೊಡುತ್ತವೆ.

ವ್ಯಂಜನ ಮಾಯವಾಗುವ ಬಗೆಯನ್ನು ಮೊದಲು ನೋಡೋಣ. ಅವನು ಮಾರುತ್ತಾನೆ, ‘ಈಲ್ ವಾಂ’. ಅವರು ಮಾರುತ್ತಾರೆ, ‘ಈಲ್ ವಾಂದ್’. ಅವನು ಮುಗಿಸುತ್ತಾನೆ, ‘ಫೀನೀ’; ಅವರು, ‘ಫೀನೀಸ್’. ಅವನು ಮಲಗುತ್ತಾನೆ, ‘ದೋರ್’, ಅವರು, ‘ದೋರ್ಮ್’. ಅವನು ಬರುತ್ತಾನೆ, ‘ವ್ಯೇಂ’, ಅವರು, ‘ವ್ಯೆನ್’. ‘ಇ-ಎನ್-ಟಿ’ ತಾನು ಮೌನವಾಗಿದ್ದರೂ ತನ್ನ ಹಿಂದಿನ ವ್ಯಂಜನವನ್ನು ಸಾಯಲು ಬಿಡಲಿಲ್ಲ. ಹಿಂದೆ ಅಲ್ಲಿದ್ದ ಸ್ವರದ ನೆರಳಿನಲ್ಲಿ ‘ದ್’, ‘ಸ್’, ‘ಮ್’, ‘ನ್’ ಬದುಕಿಕೊಂಡವು. ಏಕವಚನದಲ್ಲಿ ಅಂಥ ಆಸರೆ ಇರಲಿಲ್ಲ. ಆದ್ದರಿಂದ ಈ ಧಾತುಗಳಲ್ಲಿ ಬಹುವಚನದ ನಿಜವಾದ ಗುರುತು ಕೇಳಿಸುವ ಕೊನೆಯ ವ್ಯಂಜನ. ‘ವ್ಯೇಂ’, ‘ವ್ಯೆನ್’ ಜೋಡಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ: ‘ನ್’ ಸ್ಪಷ್ಟವಾಗಿ ಕೇಳಿಸಿದಾಗ ಸ್ವರ ಮೂಗಿಗೆ ಹೋಗುವುದಿಲ್ಲ; ‘ನ್’ ಮಾಯವಾದಾಗ ತನ್ನ ಗುಣವನ್ನು ಸ್ವರಕ್ಕೆ ಕೊಟ್ಟು ಹೋಗುತ್ತದೆ. ಎರಡನ್ನೂ ಒಟ್ಟಿಗೆ ಹೇಳುವುದು, ಅಂದರೆ ಮೂಗಿನ ಸ್ವರದ ಮೇಲೆ ಮತ್ತೆ ‘ನ್’ ಸೇರಿಸುವುದು, ನಮ್ಮವರು ಮಾಡುವ ಸಾಮಾನ್ಯ ತಪ್ಪು.

ನಮ್ಮ ಇನ್ನೊಂದು ಅಭ್ಯಾಸವನ್ನೂ ಇಲ್ಲಿಯೇ ಹೇಳಬೇಕು. ವ್ಯಂಜನದಲ್ಲಿ ಮುಗಿಯುವ ಪದವನ್ನು ಕನ್ನಡದ ನಾಲಗೆ ಹಾಗೆಯೇ ಬಿಡುವುದಿಲ್ಲ. ಬಸ್ ಬಂದರೆ ‘ಬಸ್ಸು’ ಮಾಡುತ್ತದೆ, ಪೆನ್ ಬಂದರೆ ‘ಪೆನ್ನು’ ಮಾಡುತ್ತದೆ, ಅಂದರೆ ಒಂದು ಸ್ವರವನ್ನೂ ಒಂದು ದ್ವಿತ್ವವನ್ನೂ ಉಡುಗೊರೆಯಾಗಿ ಕೊಡುತ್ತದೆ. ‘ಫೀನೀಸ್’ ನಮ್ಮ ಬಾಯಲ್ಲಿ ‘ಫಿನಿಸ್ಸು’ ಆಗುತ್ತದೆ, ‘ಪಾರ್ಲ್’ ಎಂಬುದು ‘ಪಾರ್ಲು’ ಆಗುತ್ತದೆ. ಕನ್ನಡದಲ್ಲಿ ಇದು ಔದಾರ್ಯ, ಫ್ರೆಂಚಿನಲ್ಲಿ ಒಂದು ಹೆಚ್ಚುವರಿ ಉಚ್ಚಾರಾಂಶ. ಹಾಗೆಂದು ಬಹಳ ನಾಚಿಕೆಪಡಬೇಕಾಗಿಯೂ ಇಲ್ಲ. ಫ್ರಾನ್ಸಿನ ದಕ್ಷಿಣದಲ್ಲಿ, ಮಾರ್ಸೇಯ್ ಮತ್ತು ತೂಲೂಜ಼್ ಕಡೆಗೆ, ಹಳೆಯ ಜಾಡಿನಲ್ಲಿ ಮಾತನಾಡುವವರು ಈ ಮೂಕ ಸ್ವರವನ್ನು ಇವತ್ತಿಗೂ ಕೇಳಿಸುವಂತೆ ಹೇಳುತ್ತಾರೆ. ಅವರ ಬಾಯಲ್ಲಿ ‘ಪಾರ್-ಲ’ ಎಂದು ಎರಡು ಉಚ್ಚಾರಾಂಶಗಳಿರುತ್ತವೆ. ಆದರೆ ಅಲ್ಲಿಯ ಸ್ವರ ಬಹಳ ಹಗುರ, ತುಟಿಯನ್ನು ಮುಂದೆ ಚಾಚಿ ಹೇಳುವ ‘ಉ’ ಅಲ್ಲ, ವ್ಯಂಜನ ದ್ವಿತ್ವವಾಗುವುದಂತೂ ಇಲ್ಲ.

ಈಗ ಬಾಗಿಲು ಮುಚ್ಚುವ ಬಗೆ. ಮುಚ್ಚಿದ ಉಚ್ಚಾರಾಂಶದಲ್ಲಿ ಫ್ರೆಂಚ್ ನಾಲಗೆಗೆ ಅಗಲವಾದ ‘ಎ’ ಬೇಕು, ತೆರೆದ ಉಚ್ಚಾರಾಂಶದಲ್ಲಿ ಕಿರಿದಾದ ‘ಏ’ ಅಥವಾ ಮೂಕ ‘ಅ’ ಸಾಕು. ಬಿಟ್ಟುಕೊಡು ಎಂಬ ‘ಸೇದೇ’ ಧಾತುವನ್ನು ತೆಗೆದುಕೊಳ್ಳಿ. ನಾವು ರೂಪ ‘ಸೇ-ದೋಂ’. ‘ದ’ ಮುಂದಕ್ಕೆ ಹೋಯಿತು, ‘ಸೇ’ ತೆರೆದಿದೆ. ನಾನು ರೂಪ ‘ಸೆದ್’. ‘ದ’ ಹೋಗಲು ಜಾಗವಿಲ್ಲ, ಬಾಗಿಲು ಮುಚ್ಚಿತು, ‘ಏ’ ಎಂಬುದು ‘ಎ’ ಆಯಿತು. ಬರಹದಲ್ಲಿ ‘ಇ’ಯ ಮೇಲಿನ ಗೆರೆ ಬಲಕ್ಕೆ ಏರುತ್ತಿದ್ದುದು ಎಡಕ್ಕೆ ವಾಲುತ್ತದೆ, ಆ ಗೆರೆಗಳು ಅಲಂಕಾರವಲ್ಲ. ಕರೆ ಎಂಬ ‘ಆಪ್ಲೇ’ ಧಾತುವಿನಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು: ನಾವು ರೂಪದಲ್ಲಿ ನಡುವಿನ ಸ್ವರ ಪೂರ್ತಿ ಮಾಯವಾಗಿ ‘ಆಪ್-ಲೋಂ’ ಉಳಿಯುತ್ತದೆ, ನಾನು ರೂಪದಲ್ಲಿ ಅದೇ ಜಾಗದಲ್ಲಿ ಗಟ್ಟಿ ‘ಎ’ ಎದ್ದು ನಿಂತು ‘ಆ-ಪೆಲ್’ ಆಗುತ್ತದೆ. ಬರಹದಲ್ಲಿ ಇದನ್ನು ತೋರಿಸಲು ಎರಡು ‘ಎಲ್’ ಹಾಕುತ್ತಾರೆ. ಕೊಳ್ಳು ಎಂಬ ಧಾತುವಿನಲ್ಲಿ ಅದೇ ಕೆಲಸಕ್ಕೆ ‘ಇ’ಯ ಮೇಲೆ ಗೆರೆ ಎಳೆಯುತ್ತಾರೆ: ‘ಆಶ್ತೇ’, ‘ಆಶೆತ್’. ಎಲ್ಲಿ ದ್ವಿತ್ವ, ಎಲ್ಲಿ ಗೆರೆ ಎಂಬುದಕ್ಕೆ ಕಿವಿಯಲ್ಲಿ ಯಾವ ಆಧಾರವೂ ಇಲ್ಲ. ಅದು ಬರಹಗಾರರ ಪರಂಪರೆ. 1990ರ ಡಿಸೆಂಬರ್ 6ರಂದು ಫ್ರಾನ್ಸಿನ ಸರ್ಕಾರಿ ಗೆಜೆಟ್ಟಿನಲ್ಲಿ ಪ್ರಕಟವಾದ ಕಾಗುಣಿತದ ತಿದ್ದುಪಡಿಗಳು ಈ ಗೊಂದಲವನ್ನು ಸ್ವಲ್ಪ ತಿಳಿಗೊಳಿಸಿದವು: ಕರೆ ಮತ್ತು ಎಸೆ ಎಂಬ ಎರಡು ಧಾತುಗಳು ಮತ್ತು ಅವುಗಳ ಬಳಗವನ್ನು ಬಿಟ್ಟು ಈ ಜಾತಿಯ ಉಳಿದೆಲ್ಲ ಧಾತುಗಳಿಗೂ ಗೆರೆಯೇ ಸಾಕು ಎಂದವು. ‘ಸೇದೇ’ಯ ಭವಿಷ್ಯತ್ ರೂಪವನ್ನು ಜನ ‘ಸೆದ್-ರಾ’ ಎಂದು ಹೇಳುತ್ತಿದ್ದರೂ ಗೆರೆ ಮಾತ್ರ ‘ಏ’ಯದ್ದಾಗಿ ಉಳಿದಿತ್ತು, ಅದನ್ನೂ ಬಾಯಿಗೆ ತಕ್ಕಂತೆ ವಾಲಿಸಲು ಆಗ ಅವಕಾಶವಾಯಿತು. ಹಳೆಯದೂ ತಪ್ಪಲ್ಲ, ಹೊಸದೂ ತಪ್ಪಲ್ಲ ಎಂಬುದು ಇಂದಿನ ಸ್ಥಿತಿ.

ಒತ್ತು ಧಾತುವಿನ ಮೇಲೆ ಬಿದ್ದಾಗ ಒಂದು ರೂಪ, ಪ್ರತ್ಯಯದ ಮೇಲೆ ಬಿದ್ದಾಗ ಇನ್ನೊಂದು ರೂಪ ಎಂಬುದು ಲ್ಯಾಟಿನ್ನಿನ ಕಾಲದಿಂದ ನಡೆದುಬಂದ ಆಟ. ಲ್ಯಾಟಿನ್ನಿನಲ್ಲಿ ‘ಬರುತ್ತಾನೆ’ ಎಂಬುದರ ಒತ್ತು ಧಾತುವಿನ ಮೇಲಿತ್ತು, ಅಲ್ಲಿ ಸ್ವರ ಒಡೆದು ‘ವ್ಯೇಂ’ ಆಯಿತು. ‘ಬರುತ್ತೇವೆ’ ಎಂಬುದರ ಒತ್ತು ಪ್ರತ್ಯಯದ ಮೇಲಿತ್ತು, ಅಲ್ಲಿ ಧಾತು ಕುಗ್ಗಿ ‘ವನೋಂ’ ಆಯಿತು. ನಮ್ಮ ಮೊದಲ ಉದಾಹರಣೆಯಾದ ‘ಪಾರ್ಲೇ’ ಕೂಡ ಒಂದು ಕಾಲದಲ್ಲಿ ಇಂಥ ಎರಡು ಮುಖದ ಧಾತುವಾಗಿತ್ತು. ಹಳೆಯ ಫ್ರೆಂಚಿನಲ್ಲಿ ‘ಅವನು ಮಾತನಾಡುತ್ತಾನೆ’ ಎನ್ನಲು ‘ಪಾರೋಲ’ ಎಂಬ ರೂಪವಿತ್ತು, ‘ನಾವು ಮಾತನಾಡುತ್ತೇವೆ’ ಎನ್ನಲು ‘ಪಾರ್ಲೋಂ’ ಜಾತಿಯ ರೂಪವಿತ್ತು. ಒತ್ತು ಬಿದ್ದ ಕಡೆ ‘ಓ’ ಉಳಿಯಿತು, ಬೀಳದ ಕಡೆ ಅಳಿಯಿತು. ಆಮೇಲೆ ಜನ ನಾವು ರೂಪದ ಅಚ್ಚಿನಲ್ಲೇ ಎಲ್ಲ ರೂಪಗಳನ್ನೂ ಎರಕ ಹೊಯ್ದರು. ‘ಪಾರೋಲ್’ ಎಂಬ ಧ್ವನಿ ಮಾತು, ನುಡಿ ಎಂಬ ಅರ್ಥದ ನಾಮಪದದಲ್ಲಿ ಮಾತ್ರ ಇವತ್ತು ಉಳಿದಿದೆ. ‘ಪ್ರೀತಿಸು’ ಧಾತುವಿನಲ್ಲಿ ಇದಕ್ಕೆ ತಿರುಗುಮುರುಗು ನಡೆಯಿತು: ಹಿಂದೆ ‘ನಾವು’ ರೂಪಕ್ಕೆ ಬೇರೆ ಸ್ವರವಿತ್ತು, ಅದನ್ನು ಬಿಟ್ಟು ಏಕವಚನದ ‘ಎಮ್’ ರೂಪವನ್ನೇ ಎಲ್ಲ ಕಡೆಗೂ ಹರಡಿದರು.

ಇದೇ ದೀಪವನ್ನು ಹಿಡಿದರೆ ಇನ್ನೊಂದು ಹಳೆಯ ಒಗಟೂ ಬಿಡುತ್ತದೆ. ‘ನೀವು’ ರೂಪಗಳೆಲ್ಲ ‘ಏ’ ಎಂದು ಮುಗಿಯುವಾಗ ಮೂರು ಧಾತುಗಳಲ್ಲಿ ಮಾತ್ರ, ಮತ್ತು ಅವುಗಳಿಂದ ಹುಟ್ಟಿದ ಕೆಲವದರಲ್ಲಿ, ಏಕೆ ಹಾಗಾಗುವುದಿಲ್ಲ? ನೀವು ಮಾಡುತ್ತೀರಿ, ‘ಫೆತ್’, ಹೇಳುತ್ತೀರಿ, ‘ದೀತ್’, ಇದ್ದೀರಿ, ‘ಎತ್’. ಈ ಮೂರರ ಲ್ಯಾಟಿನ್ ಪೂರ್ವಜರಲ್ಲಿ ‘ನೀವು’ ರೂಪದ ಒತ್ತು ಪ್ರತ್ಯಯಕ್ಕೆ ಜಾರದೆ ಧಾತುವಿನ ಮೇಲೆಯೇ ನಿಂತಿತ್ತು. ಅಲ್ಲಿ ಪ್ರತ್ಯಯ ಸೊರಗಿತು, ಧಾತು ಉಳಿಯಿತು, ಒಂದೇ ಉಚ್ಚಾರಾಂಶವಾಯಿತು. ‘ಮಾಡು’ ಧಾತುವಿನ ‘ನಾವು’ ರೂಪದಲ್ಲಿ ‘ಎ-ಐ’ ಎಂದು ಬರೆದು ‘ಫಜ಼ೋಂ’ ಎಂದು ಓದುತ್ತಾರಲ್ಲ, ಅದೂ ಇದರ ಇನ್ನೊಂದು ಮುಖವೇ: ಒತ್ತು ಪ್ರತ್ಯಯಕ್ಕೆ ಹೋದ ತಕ್ಷಣ ಧಾತುವಿನ ಸ್ವರ ಮೂಕ ‘ಅ’ ಆಗಿ ಕುಗ್ಗಿದೆ, ಬರಹಕ್ಕೆ ಅದರ ಸುದ್ದಿ ತಲುಪಿಲ್ಲ.

ಮೂಕ ‘ಅ’ ಯಾವಾಗ ಉಳಿಯುತ್ತದೆ, ಯಾವಾಗ ಹೋಗುತ್ತದೆ? ಮೋರೀಸ್ ಗ್ರಾಮೋಂ ಎಂಬ ಭಾಷಾವಿಜ್ಞಾನಿ (1866–1946) ಇದಕ್ಕೆ ಮೂರು ವ್ಯಂಜನಗಳ ನಿಯಮ ಎಂಬ ಸೂತ್ರ ಕೊಟ್ಟರು: ಅದು ಬಿದ್ದರೆ ಮೂರು ವ್ಯಂಜನಗಳು ಒಂದರ ಮೇಲೊಂದು ಬರುವುದಾದರೆ ಬೀಳುವುದಿಲ್ಲ, ಎರಡೇ ಬರುವುದಾದರೆ ಬೀಳಬಹುದು. ಸೂತ್ರಕ್ಕೆ ಅಪವಾದಗಳು ಬೇಕಾದಷ್ಟಿವೆ, ಆದರೂ ಕ್ರಿಯಾಪದಗಳ ಭವಿಷ್ಯತ್ ರೂಪಗಳಿಗೆ ಇದಕ್ಕಿಂತ ಒಳ್ಳೆಯ ಕೈಮರ ನನಗೆ ಸಿಕ್ಕಿಲ್ಲ. ಪ್ರೀತಿಸುತ್ತೇನೆ, ಭವಿಷ್ಯತ್ತು: ‘ಎಮ್-ರೇ’, ‘ಮ್’, ‘ರ’ ಎರಡೇ ಸೇರಿದವು, ‘ಅ’ ಬಿತ್ತು. ಮಾತನಾಡುತ್ತೇನೆ, ಭವಿಷ್ಯತ್ತು: ‘ಪಾರ್-ಲ-ರೇ’, ‘ಅ’ ಬಿದ್ದರೆ ‘ರ್ಲ್ರ’ ಎಂಬ ಮುಳ್ಳು ಗಂಟಲಿಗೆ ಸಿಗುತ್ತದೆ, ಆದ್ದರಿಂದ ಉಳಿಯಿತು. ಮಾಡು ಧಾತುವಿನ ನಾವು ರೂಪದಲ್ಲಿ ಭವಿಷ್ಯತ್ತು ‘ನೂ ಫ್ರೋಂ’ ಎಂದು ಕುಗ್ಗಬಲ್ಲದು. ‘ಮಾಡುತ್ತಿದ್ದೆವು, ಹಾಗಿದ್ದರೆ’ ಎಂಬ ಅರ್ಥದ ರೂಪ ಮಾತ್ರ ‘ನೂ ಫ-ರ್ಯೋಂ’ ಎಂದೇ ನಿಲ್ಲುತ್ತದೆ, ಏಕೆಂದರೆ ಇಲ್ಲಿ ‘ರ’ದ ನಂತರ ‘ಯ’ ಕೂಡ ಬಂದು ಮೂರಾಯಿತು. ಒಂದು ‘ಯ’ ಬಂದು ಸೇರಿದ್ದಕ್ಕೆ ಹಿಂದಿನ ಸ್ವರದ ಪ್ರಾಣ ಉಳಿಯಿತು.

‘ಯ’ದ ಮಾತು ಬಂದದ್ದರಿಂದ ಸ್ವಲ್ಪ ಅಲ್ಲಿಯೇ ನಿಲ್ಲುತ್ತೇನೆ, ಏಕೆಂದರೆ ಇಲ್ಲಿ ಕನ್ನಡಿಗರಿಗೆ ತವರು ನೆನಪಾಗುತ್ತದೆ. ಭೂತಕಾಲದ ‘ಮಾತನಾಡುತ್ತಿದ್ದೆವು’ ಎಂಬುದು ‘ಪಾರ್-ಲ್ಯೋಂ’, ಎರಡು ಉಚ್ಚಾರಾಂಶ. ‘ಪ್ರವೇಶಿಸುತ್ತಿದ್ದೆವು’ ಎಂಬುದು ಮಾತ್ರ ‘ಆಂ-ತ್ರಿ-ಯೋಂ’, ಮೂರು. ಬರಹದಲ್ಲಿ ಎರಡಕ್ಕೂ ‘ಐ-ಓ-ಎನ್-ಎಸ್’ ಎಂಬ ಒಂದೇ ಪ್ರತ್ಯಯ. ‘ತ್ರ’ ಎಂಬ ಜೋಡಿಯ ಮೇಲೆ ಮತ್ತೆ ‘ಯ’ವನ್ನು ಹೇರಲು ಫ್ರೆಂಚ್ ನಾಲಗೆ ಒಪ್ಪುವುದಿಲ್ಲ, ಬರಹದ ‘ಐ’ ಅಕ್ಷರ ‘ಇ’ ಎಂಬ ಪೂರ್ಣ ಸ್ವರವಾಗಿ ನಿಂತು, ತನಗೂ ಮುಂದಿನ ಸ್ವರಕ್ಕೂ ನಡುವೆ ಒಂದು ‘ಯ’ವನ್ನು ತಂದುಕೊಳ್ಳುತ್ತದೆ. ‘ಮನೆ’ಗೆ ‘ಅನ್ನು’ ಸೇರಿದಾಗ ‘ಮನೆಯನ್ನು’ ಆಗುವಲ್ಲಿ ನಾವು ಯಕಾರಾಗಮ ಎನ್ನುತ್ತೇವಲ್ಲ, ಅದೇ ಇದು. ಕೂಗು ಎಂಬ ಧಾತುವಿನ ನಾವು ರೂಪ ‘ಕ್ರಿ-ಯೋಂ’ ಎಂಬಲ್ಲಿ ಬರಹದಲ್ಲಿ ಇಲ್ಲದ ‘ಯ’ವನ್ನು ನೀವು ಸಹಜವಾಗಿ ಹೇಳಿಬಿಡುತ್ತೀರಿ, ಯಾರೂ ಕಲಿಸಬೇಕಾಗಿಲ್ಲ. ಫ್ರೆಂಚರಿಗೆ ಇದು ಯಾವಾಗಲೂ ಹೀಗಿರಲಿಲ್ಲ. ಅವರ ಹಳೆಯ ಕವಿಗಳು ಇಂಥ ಪದಗಳಲ್ಲಿಯೂ ‘ಇ’ಯನ್ನು ಮುಂದಿನ ಸ್ವರದೊಂದಿಗೆ ಒಂದಾಗಿಸಿ ಎಣಿಸುತ್ತಿದ್ದರು. 1637ರಲ್ಲಿ ರಂಗಕ್ಕೆ ಬಂದ ಕೋರ್ನೇಯ್‌ನ ‘ಲ ಸಿದ್’ ನಾಟಕದಲ್ಲಿ ಕೊಲೆಗಾರ ಎಂಬ ಪದವನ್ನು ಮೂರು ಉಚ್ಚಾರಾಂಶಗಳಾಗಿ ಎಣಿಸಿದ್ದಕ್ಕೆ, ಎರಡು ವರ್ಷ ಹಿಂದಷ್ಟೇ ಹುಟ್ಟಿದ್ದ ಫ್ರೆಂಚ್ ಅಕಾಡೆಮಿ ಆಕ್ಷೇಪಿಸಿತು. ಆ ಪದಕ್ಕೆ ಎರಡೇ ಎಂದು ಅದರ ವಾದ. ಕಾಲ ಕೋರ್ನೇಯ್‌ನ ಕಿವಿಯ ಪಕ್ಷಕ್ಕೆ ಬಂತು. ಇವತ್ತು ಎಲ್ಲರೂ ಮೂರಾಗಿಯೇ ಹೇಳುತ್ತಾರೆ.

ಪದ್ಯದ ಪ್ರಸ್ತಾಪವಾದ್ದರಿಂದ ಒಂದು ಮಾತು. ಹನ್ನೆರಡು ಉಚ್ಚಾರಾಂಶಗಳ ಶಾಸ್ತ್ರೀಯ ಸಾಲಿನಲ್ಲಿ ಮಾತಿನ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಮೂಕ ಸ್ವರ ವ್ಯಂಜನದ ಮುಂದೆ ಬಂದರೆ ಎಣಿಕೆಗೆ ಬರುತ್ತದೆ, ಸ್ವರದ ಮುಂದೆ ಬಂದರೆ ಲೋಪವಾಗುತ್ತದೆ, ಸಾಲಿನ ಕೊನೆಯಲ್ಲಿ ಎಣಿಕೆಯಿಲ್ಲ. ‘ಇ-ಎನ್-ಟಿ’ ಬಾಲವಿರುವ ಬಹುವಚನ ರೂಪಕ್ಕೆ ಸ್ವರದ ಮುಂದೆಯೂ ಲೋಪವಿಲ್ಲ, ಕೊನೆಯ ‘ಟಿ’ ಅಡ್ಡ ನಿಲ್ಲುತ್ತದೆ. ಆದರೆ ಭೂತಕಾಲದ ‘ಅವರು ಮಾತನಾಡುತ್ತಿದ್ದರು’ ಎಂಬ ‘ಪಾರ್ಲೆ’ ರೂಪದಲ್ಲಿ ‘ಎ-ಐ-ಇ-ಎನ್-ಟಿ’ ಎಂದು ಐದಕ್ಷರದ ಬಾಲವಿದ್ದರೂ ಅದಕ್ಕೆ ಪದ್ಯದಲ್ಲಿಯೂ ಒಂದೇ ಲೆಕ್ಕ. ಈ ಬಾಲದ ಮೊದಲಕ್ಷರ 1835ರ ತನಕ ಅಕಾಡೆಮಿಯ ನಿಘಂಟಿನಲ್ಲಿ ‘ಎ’ ಆಗಿರದೆ ‘ಓ’ ಆಗಿತ್ತು. ಬಾಯಿ ಬಹಳ ಹಿಂದೆಯೇ ‘ಎ’ಗೆ ಬಂದಿದ್ದರೂ ಬರಹ ಬರಲು ಅಷ್ಟು ಕಾಲ ಹಿಡಿಯಿತು. ಒತ್ತಕ್ಷರ ಕಣ್ಣಿಗೆ ಕಂಡರೂ ಹಿಂದಿನ ಅಕ್ಷರವನ್ನು ಗುರುವಾಗಿಸದ ಹಳಗನ್ನಡದ ಶಿಥಿಲದ್ವಿತ್ವವನ್ನು ಬಲ್ಲವರಿಗೆ, ಕಣ್ಣಿನ ಲೆಕ್ಕವೂ ಛಂದಸ್ಸಿನ ಲೆಕ್ಕವೂ ಬೇರೆಯಾಗುವುದು ವಿಚಿತ್ರವೆನಿಸಲಾರದು.

ಇದುವರೆಗೆ ಕ್ರಿಯಾಪದವನ್ನು ಒಂಟಿಯಾಗಿ ನಿಲ್ಲಿಸಿ ನೋಡಿದೆವು. ನಿಜವಾದ ಮಾತಿನಲ್ಲಿ ಅದು ಒಂಟಿಯಾಗಿರುವುದಿಲ್ಲ, ಮತ್ತು ಫ್ರೆಂಚಿನ ಉಚ್ಚಾರಾಂಶ ವಿಭಜನೆ ಪದದ ಗಡಿಯನ್ನು ಲೆಕ್ಕಕ್ಕೆ ಇಡುವುದಿಲ್ಲ. ಸಂಧಿ ಬಲ್ಲ ನಮಗೆ ಇದೂ ಪರಿಚಿತ ಸೀಮೆಯೇ. ‘ಜ’ ಮತ್ತು ‘ಎಮ್’ ಸೇರಿ ‘ಜೆಮ್’ ಆಗುವುದು, ‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’ ಆಗುವ ಲೋಪಸಂಧಿಯ ಬಗೆಯದು. ‘ನೂ’ ಎಂಬುದರ ಕೊನೆಯ ‘ಎಸ್’ ಸಾಮಾನ್ಯವಾಗಿ ಮೌನ. ಆದರೆ ‘ನಮಗಿದೆ’ ಎನ್ನುವಾಗ ಎದ್ದು ‘ನೂ-ಜ಼ಾ-ವೋಂ’ ಆಗುತ್ತದೆ. ‘ಮಳೆ’ ಮತ್ತು ‘ಕಾಲ’ ಸೇರಿದಾಗ ‘ಕ’ ಎಂಬುದು ‘ಗ’ ಆಗುವಂತೆ ಇಲ್ಲಿಯೂ ಕರ್ಕಶ ‘ಸ’ ನಾದವುಳ್ಳ ‘ಜ಼’ ಆಗಿದೆ. ಇದಕ್ಕೆ ನೇರ ಎದುರಾದ ಇನ್ನೊಂದು ಸಂಧಿಯೂ ಉಂಟು. ‘ಅವನು ತೆಗೆದುಕೊಳ್ಳುತ್ತಾನೆಯೇ’ ಎಂದು ಸರ್ವನಾಮವನ್ನು ಹಿಂದಕ್ಕಿಟ್ಟು ಕೇಳುವಾಗ ಬರಹದ ‘ಡಿ’ ಬಾಯಲ್ಲಿ ‘ತ’ ಆಗುತ್ತದೆ: ‘ಪ್ರಾಂ-ತೀಲ್’. ಇದು ಬಾಯಿಯ ತಪ್ಪಲ್ಲ, ಬರಹದ ಅಲಂಕಾರ. ಹಳೆಯ ಫ್ರೆಂಚಿನಲ್ಲಿ ಈ ರೂಪವನ್ನು ‘ಟಿ’ಯಿಂದಲೇ ಬರೆಯುತ್ತಿದ್ದರು, ಲ್ಯಾಟಿನ್ ಧಾತುವಿನಲ್ಲಿ ‘ಡಿ’ ಇದೆಯೆಂದು ಪಂಡಿತರು ಆಮೇಲೆ ತಿದ್ದಿದರು.

‘ಅವನ ಬಳಿ ಇದೆಯೇ’ ಎಂಬುದು ‘ಆ-ತೀಲ್’. ಇಲ್ಲಿ ‘ತ’ ಎಲ್ಲಿಂದ ಬಂತು? ಬರಹದಲ್ಲಿ ಅದನ್ನು ಎರಡು ಅಡ್ಡಗೆರೆಗಳ ನಡುವೆ ನೆಂಟನಂತೆ ಕೂರಿಸುತ್ತಾರೆ. ‘ಪ್ರಾಂ-ತೀಲ್’ ಮಾದರಿಯ ನೂರಾರು ರೂಪಗಳಲ್ಲಿ ಸಹಜವಾಗಿದ್ದ ‘ತ’ವನ್ನು ಕೇಳಿ ಕೇಳಿ, ಅದಿಲ್ಲದ ಕಡೆಗೂ ಜನ ಎಳೆದು ತಂದರು, ಹಿಂದೆ ಬರಹದಲ್ಲಿ ಅದು ಕಾಣದಿದ್ದ ಕಾಲದಲ್ಲಿಯೂ ಬಾಯಲ್ಲಿ ಇತ್ತು. ಶುದ್ಧ ಆಗಮ. ಇದರ ಒಂದು ಫಲ ನನಗೆ ಬಹಳ ಇಷ್ಟ. ‘ಅವನು ಮಾತನಾಡುತ್ತಾನೆಯೇ’ ಎಂಬುದು ‘ಪಾರ್-ಲ-ತೀಲ್’, ಇಲ್ಲಿ ‘ತ’ ಹೊರಗಿನಿಂದ ಬಂದದ್ದು. ‘ಅವರು ಮಾತನಾಡುತ್ತಾರೆಯೇ’ ಎಂಬುದೂ ‘ಪಾರ್-ಲ-ತೀಲ್’, ಇಲ್ಲಿ ‘ತ’ ಮೌನವಾಗಿ ಕುಳಿತಿದ್ದ ‘ಇ-ಎನ್-ಟಿ’ಯ ಕೊನೆಯ ಅಕ್ಷರ, ಶತಮಾನಗಳ ನಿದ್ದೆಯಿಂದ ಎದ್ದದ್ದು. ಬಾಡಿಗೆಯವನೂ ಮನೆಯ ಯಜಮಾನನೂ ಒಂದೇ ದನಿಯಲ್ಲಿ ಮಾತನಾಡುತ್ತಾರೆ. ಕೇಳುವವನಿಗೆ ಏಕವಚನವೋ ಬಹುವಚನವೋ ಗೊತ್ತಾಗುವುದಿಲ್ಲ. ‘ಹೋಗು’ ಎಂಬ ಆಜ್ಞೆ ‘ವಾ’. ‘ಅಲ್ಲಿಗೆ ಹೋಗು’ ಎಂದಾಗ ‘ವಾ-ಜ಼ೀ’. ಇಲ್ಲಿಯೂ ‘ಜ಼’ ಅದೇ ಕೆಲಸಕ್ಕೆ ಬಂದಿರುವುದು: ಎರಡು ಸ್ವರಗಳು ಮುಖಾಮುಖಿ ಡಿಕ್ಕಿ ಹೊಡೆಯದಂತೆ.

ಈ ಬೆಸುಗೆಯಲ್ಲಿ ತಪ್ಪಿದರೆ ಅರ್ಥವೇ ಬದಲಾಗುವ ಜಾಗಗಳಿವೆ. ‘ಈಲ್-ಜ಼ೋಂ’ ಎಂದರೆ ಅವರ ಬಳಿ ಇದೆ. ‘ಈಲ್-ಸೋಂ’ ಎಂದರೆ ಅವರು ಇದ್ದಾರೆ. ಕನ್ನಡದಲ್ಲಿ ‘ಜ಼’ ಸ್ವಂತ ಧ್ವನಿಯಲ್ಲವಾದ್ದರಿಂದ ನಮ್ಮ ವಿದ್ಯಾರ್ಥಿಗಳು ಎರಡನ್ನೂ ‘ಸ’ ಮಾಡಿ, ‘ನಮ್ಮ ನೆರೆಯವರಿಗೆ ಎರಡು ಬೆಕ್ಕುಗಳಿವೆ’ ಎನ್ನಲು ಹೋಗಿ ‘ನೆರೆಯವರು ಎರಡು ಬೆಕ್ಕುಗಳು’ ಎಂದು ಹೇಳಿಬಿಡುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ.

ದ್ವಿತ್ವದ ವಿಷಯದಲ್ಲಿ ಮಾತ್ರ ನಮ್ಮ ಕಿವಿ ಅವರಿಗಿಂತ ಚುರುಕು. ಫ್ರೆಂಚ್ ಬರಹದ ಜೋಡಿ ವ್ಯಂಜನಗಳು ಬಹುತೇಕ ಸುಳ್ಳು ಎಂದೆನಲ್ಲ, ಅದಕ್ಕೆ ಕೆಲವೇ ಅಪವಾದಗಳಿವೆ, ಅವು ಕ್ರಿಯಾಪದಗಳಲ್ಲಿಯೇ ಸಿಗುತ್ತವೆ. ‘ಅವನು ಓಡುತ್ತಿದ್ದ’ ಎಂಬುದು ‘ಕೂ-ರೆ’. ‘ಅವನು ಓಡಿಯಾನು’ ಎಂಬುದು ‘ಕೂರ್-ರೆ’, ಎರಡು ‘ರ’ಗಳೂ ನಿಜವಾಗಿ ಕೇಳಿಸಬೇಕು. ‘ಸಾಯು’ ಎಂಬ ಧಾತುವಿನಲ್ಲಿಯೂ ಹೀಗೆಯೇ. ಆದರೆ ‘ಬಲ್ಲೆನು, ಸಾಧ್ಯವಾದೀತು’ ಎಂಬ ರೂಪದಲ್ಲಿ ಎರಡು ‘ಆರ್’ ಬರೆದರೂ ‘ಪೂ-ರೇ’ ಎಂದು ಒಂದೇ. ‘ಹಳಿ’ಗೂ ‘ಹಳ್ಳಿ’ಗೂ ಇರುವ ಅಂತರವನ್ನು ತೊಟ್ಟಿಲಿನಿಂದಲೇ ಕಲಿತ ನಮಗೆ ಇದನ್ನು ಹೇಳುವುದು ಕಷ್ಟವಲ್ಲ, ಎಲ್ಲಿ ಹೇಳಬೇಕೆಂದು ನೆನಪಿಟ್ಟುಕೊಳ್ಳುವುದಷ್ಟೇ ಕಷ್ಟ.

ಕೊನೆಗೆ ಮೂರು ವಾಕ್ಯಗಳನ್ನು ಹೇಳುತ್ತೇನೆ, ನೀವು ಪೆನ್ನು ಕೆಳಗಿಟ್ಟು ಬರೀ ಕೇಳಿ. ‘ಈ-ಲೆಮ್’. ‘ಈಲ್-ಲೆಮ್’. ‘ಈಲ್-ಜ಼ೆಮ್’. ಮೊದಲನೆಯದರಲ್ಲಿ ‘ಅವನು’ ಪದದ ‘ಲ’ ಜಾರಿ ಕ್ರಿಯಾಪದದ ಉಚ್ಚಾರಾಂಶದೊಳಗೆ ಹೋಯಿತು: ಅವನು ಪ್ರೀತಿಸುತ್ತಾನೆ. ಎರಡನೆಯದರಲ್ಲಿ ಇನ್ನೊಂದು ‘ಲ’ ಬಂದದ್ದರಿಂದ ಮೊದಲ ‘ಲ’ ತನ್ನ ಜಾಗದಲ್ಲೇ ಉಳಿದು ಬಾಗಿಲು ಮುಚ್ಚಿತು: ಅವನು ಅವಳನ್ನೋ ಅವನನ್ನೋ ಪ್ರೀತಿಸುತ್ತಾನೆ, ಯಾರನ್ನು ಎಂಬುದನ್ನು ಧ್ವನಿ ಹೇಳುವುದಿಲ್ಲ. ಮೂರನೆಯದರಲ್ಲಿ ‘ಅವರು’ ಪದದ ಕೊನೆಯ ಮೂಕ ‘ಎಸ್’ ಎದ್ದು ‘ಜ಼’ ಆಗಿ ಕ್ರಿಯಾಪದದ ತಲೆಗೆ ಏರಿತು: ಅವರು ಪ್ರೀತಿಸುತ್ತಾರೆ. ಮೂರರಲ್ಲಿಯೂ ಕ್ರಿಯಾಪದದ ಧ್ವನಿ ‘ಎಮ್’ ಒಂದೇ, ‘ಇ-ಎನ್-ಟಿ’ ಎಂದಿನಂತೆ ಮೌನ. ಯಾರು, ಎಷ್ಟು ಜನ, ಯಾರನ್ನು ಎಂಬುದರ ಗುರುತೆಲ್ಲ ಆ ಒಂದು ಉಚ್ಚಾರಾಂಶದ ಹೊಸ್ತಿಲಿನಲ್ಲಿ ನಿಂತಿರುವ ವ್ಯಂಜನದಲ್ಲಿದೆ. ಇನ್ನೊಮ್ಮೆ ಹೇಳುತ್ತೇನೆ, ಈ ಸಲ ಕ್ರಮ ಬದಲಿಸಿ. ಯಾವುದು ಯಾವುದೆಂದು ಬೆರಳಿನಲ್ಲಿ ತೋರಿಸಿ.